ಕಣ್ಣೋ ಕೆರೆಯೋ

ಮೊನ್ನೆ ಭಾನುವಾರ ಬೆಳಗ್ಗೆ ನಮ್ಮ ಮಹಡಿಯ ಬಾಡಿಗೆಯವರ ಅತ್ತೆ ಮೆಟ್ಟಿಲಿಳಿದು ಬಂದರು. ನಾನು ವರಾಂಡದಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಅವರು ನೇರ ನನ್ನ ಕುರ್ಚಿಯ ಎದುರು ನಿಂತು, ಎಡಗಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಕ್ಕೆಳೆದು, "ಸ್ವಲ್ಪ ನೋಡ್ತೀರಾ ಡಾಕ್ಟ್ರೇ, ಎರಡು ದಿನದಿಂದ ಮರಳು ಹುಯ್ದಂಗಾಗ್ತಿದೆ" ಎಂದರು. ಇನ್ನೊಂದು ಕೈಯಲ್ಲಿ ಡ್ರಾಪ್ಸಿನ ಪುಟ್ಟ ಸೀಸೆ ಸಿದ್ಧವಾಗಿತ್ತು.

"ನಾನು ಆ ಥರದ ಡಾಕ್ಟರ್ ಅಲ್ಲ ಅಮ್ಮಾ."

"ಕಣ್ಣಿನ ಡಾಕ್ಟ್ರು ಅಂತ ನಮ್ಮ ಸೊಸೆ ಹೇಳಿದ್ಲಲ್ಲ?"

"ಕಣ್ಣಿನ ಮೇಲೆ ಸಂಶೋಧನೆ ಮಾಡಿದೀನಿ. ಅದೂ ಕಪ್ಪೆ ಕಣ್ಣು."

ಅವರು ರೆಪ್ಪೆಯನ್ನು ಬಿಟ್ಟರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಯ್ಯೋ ಪಾಪ" ಎಂದು ಹೇಳಿ ಮೆಟ್ಟಿಲು ಹತ್ತಿದರು.

ಬಸವೇಶ್ವರನಗರದ ಈ ಮನೆಯ ಗೇಟಿಗೆ ನನ್ನ ಹೆಸರಿನ ಹಿಂದೆ 'ಡಾ.' ಎಂದು ಬರೆಸಿದ್ದು ನನ್ನದೇ ತಪ್ಪು. ಹೊಸದಾಗಿ ಡಾಕ್ಟರೇಟ್ ಬಂದಾಗಿನ ಹುರುಪು ಅದು. ಅಂದಿನಿಂದ ಈ ರಸ್ತೆಯವರು ಕಣ್ಣುನೋವು, ಕೆಂಗಣ್ಣು, ಪೊರೆ, ಒಮ್ಮೆ ಒಂದು ನಾಯಿಯ ಕಣ್ಣಿನ ಗಾಯ, ಎಲ್ಲವನ್ನೂ ನನ್ನ ಮುಂದೆ ತಂದಿದ್ದಾರೆ. ಅವರ ಮೇಲೆ ನನಗೆ ಒಂದಿಷ್ಟೂ ಕೋಪವಿಲ್ಲ. ನನಗೆ ಕೋಪ ಬರುವುದು ನಾನು ಏನು ಎಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಆಡಿದವರ ಮೇಲೆ. ಆ ಕೋಪ ನಿವೃತ್ತಿಯಾದರೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಆ ಅಮ್ಮ 'ಪಾಪ' ಎಂದ ಮೇಲೆ ಕಾಫಿ ಆರುವಷ್ಟು ಹೊತ್ತು ಅದೇ ಕುದಿಯುತ್ತಿತ್ತು. ಆದ್ದರಿಂದ ನಿಮ್ಮ ಮುಂದೆ ಹೇಳಿ ಹಗುರಾಗುತ್ತೇನೆ.

ನಾನು ಕಣ್ಣಿನ ಹಿಂದೆ ಬಿದ್ದದ್ದು ನಮ್ಮಪ್ಪನಿಂದ. ನಾವು ಆಗ ಕುರುಬರಹಳ್ಳಿಯಲ್ಲಿದ್ದೆವು. ಅಪ್ಪ ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವೆಲ್ಡರ್. ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಗುರಾಣಿ ಇತ್ತು. ಆದರೆ ಅವಸರದ ಕೆಲಸದಲ್ಲಿ ಅದನ್ನು ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ ಜೋಡಿಸಿಬಿಡುತ್ತಿದ್ದರು. ಆ ದಿನಗಳಲ್ಲಿ ಸಂಜೆ ಮನೆಗೆ ಬಂದವರೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಕಣ್ಣಿಂದ ನೀರು ಧಾರೆಧಾರೆ. ಅಮ್ಮ ಹಸಿ ಆಲೂಗಡ್ಡೆ ತುರಿದು, ಬಿಳಿ ಬಟ್ಟೆಯಲ್ಲಿ ಕಟ್ಟಿ ರೆಪ್ಪೆಗಳ ಮೇಲಿಡುತ್ತಿದ್ದಳು. ದೀಪ ಹಚ್ಚಿದರೆ ಅಪ್ಪ ಚೀರುತ್ತಿದ್ದರು. ನಾನು ಕತ್ತಲಲ್ಲೇ ಕೂತು ಮಗ್ಗಿ ಹೇಳುತ್ತಿದ್ದೆ.

"ಬೆಂಕಿ ಮುಟ್ಟಲಿಲ್ಲ ಅಲ್ವಾ ಅಪ್ಪಾ, ಬರೀ ನೋಡಿದ್ದಕ್ಕೆ ಸುಟ್ಟಿತಾ?"

"ಬೆಳಕೂ ಸುಡತ್ತೆ ಕಣೇ" ಎನ್ನುತ್ತಿದ್ದರು ಅಪ್ಪ, ಗೋಡೆಯ ಕಡೆಗೇ ತಿರುಗಿ.

ಬೆಳಕು ಹೇಗೆ ಸುಡುತ್ತದೆ, ಕಣ್ಣು ಹೇಗೆ ನೋಡುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡೇ ನಾನು ಬಿಎಸ್ಸಿ, ಎಂಎಸ್ಸಿ ದಾಟಿ ಒಂದು ಪ್ರಯೋಗಾಲಯ ಸೇರಿದೆ. ಅಲ್ಲಿ ನಮ್ಮ ಕೆಲಸ ಕಪ್ಪೆಯ ಕಣ್ಣಿನದು. ಕಪ್ಪೆಯ ಕಣ್ಣು ಎಂದರೆ ಸಾಮಾನ್ಯವಲ್ಲ. ಅದಕ್ಕೆ ಜಗತ್ತೆಲ್ಲ ಬೇಡ. ಸಣ್ಣಗೆ, ಕಪ್ಪಗೆ, ಅಲ್ಲಾಡುವ ವಸ್ತು ಸಾಕು. ನೊಣ ಹಾರಿದರೆ ಕಣ್ಣಿನ ನರ ಉರಿದೇಳುತ್ತದೆ. ಅದೇ ನೊಣ ಸತ್ತು ಮುಂದೆಯೇ ಬಿದ್ದಿದ್ದರೆ ಕಪ್ಪೆಗೆ ಅದು ಕಂಡೂ ಕಾಣದು. ಕೂದಲಿಗಿಂತ ತೆಳ್ಳಗಿನ ತಂತಿಯ ತುದಿಯನ್ನು ಒಂದೇ ಒಂದು ನರದ ಪಕ್ಕಕ್ಕಿಟ್ಟು, ಅದರ ಸಂಕೇತವನ್ನು ಸ್ಪೀಕರಿಗೆ ಜೋಡಿಸುತ್ತಿದ್ದೆವು. ಕಪ್ಪೆಯ ಮುಂದಿನ ಪರದೆಯ ಮೇಲೆ ಚುಕ್ಕಿ ಸರಿದಾಗಲೆಲ್ಲ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಮೊದಲ ಸಲ ಅದನ್ನು ಕೇಳಿದ ದಿನ ನಾನು ಊಟ ಮಾಡಿರಲಿಲ್ಲ ಎನ್ನುವುದು ಮರುದಿನ ನೆನಪಾಯಿತು.

ಕಪ್ಪೆಗಳನ್ನು ತರುತ್ತಿದ್ದವನು ಮುನಿಯಪ್ಪ. ನಾಗರಬಾವಿಯಿಂದ ಕೆಂಗೇರಿ ಕಡೆಗೆ ಹೋಗುವಾಗ ಸಿಗುವ ಹುಣಸೇಕಟ್ಟೆ ಕೆರೆಯ ಅಂಚಿನ ಹಳ್ಳಿಯವನು. ರಾಗಿ ಹೊಲ, ಎರಡು ಎಮ್ಮೆ, ಜೊತೆಗೆ ಮಳೆಗಾಲದಲ್ಲಿ ಈ ಕೆಲಸ. ಒದ್ದೆ ಗೋಣಿಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ನಮ್ಮ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದ. ಕಪ್ಪೆ ಹಿಡಿಯಲು ಬೇಕಾದ ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ನೀವು ಹುಬ್ಬೇರಿಸಬೇಡಿ. ಆದರೂ ಆ ಚೀಲ ಮಿಸುಕಾಡುವುದನ್ನು ನಾನು ನೇರವಾಗಿ ನೋಡುತ್ತಿರಲಿಲ್ಲ ಎನ್ನುವುದು ನಿಜ. ಸಹಿ ಹಾಕಿ ಮುಖ ತಿರುಗಿಸುತ್ತಿದ್ದೆ. ನೋಡುವುದರ ಬಗ್ಗೆ ಸಂಶೋಧನೆ ಮಾಡುವವಳು!

ಒಂದು ಮಳೆಗಾಲ ಅವನು ಬರಿಗೈಯಲ್ಲಿ ಬಂದ.

"ಕಪ್ಪೆ ಇಲ್ಲ ಮೇಡಮ್ಮೋರೆ. ಕೆರೆ ಸತ್ತೋಯ್ತು."

ನನ್ನ ಪ್ರಯೋಗ ಅರ್ಧಕ್ಕೆ ನಿಂತಿತ್ತು. ವರದಿ ಕೊಡುವ ದಿನ ಹತ್ತಿರವಿತ್ತು. "ಬೇರೆ ಕೆರೆಯಲ್ಲಿ ನೋಡಿ ಮುನಿಯಪ್ಪ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಒಂದಂಗಡಿಯಲ್ಲಿ ಕೊತ್ತಂಬರಿ ಇಲ್ಲದಿದ್ದರೆ ಪಕ್ಕದಂಗಡಿಗೆ ಹೋಗಿ ಎಂದಂತೆ.

ಅವನು ಸಿಟ್ಟಾಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಇಷ್ಟು ವರ್ಸದಿಂದ ಕಪ್ಪೆ ಕಣ್ಣು ಬಗೆದು ನೋಡ್ತೀರಲ್ಲ. ಆ ಕಪ್ಪೆ ಏನ್ ನೋಡ್ಕಂಡು ಬದುಕ್ತಿತ್ತು ಅಂತ ಒಂದಿನನಾದ್ರೂ ಬಂದು ನೋಡಿದೀರಾ?"

ಮರುದಿನ ಬೆಳಗ್ಗೆ ಸ್ಕೂಟರ್ ಹತ್ತಿ ಹೋದೆ. ಹೋಗಿ ನೋಡಿದರೆ ಕೆರೆಯ ಕೋಡಿಯ ಕಡೆ ಎರಡು ದಪ್ಪ ಕೊಳವೆಗಳು ಹೊಸ ಬಡಾವಣೆಯ ಕಕ್ಕಸುನೀರನ್ನು ತಂದು ಸುರಿಯುತ್ತಿದ್ದವು. ನೀರಿನ ಮೇಲೆ ಬಿಳಿ ನೊರೆ. ದಡದ ಜೊಂಡು ಬುಡದಿಂದ ಕೊಳೆತು ವಾಲಿತ್ತು. ಮುನಿಯಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ಇಳಿದು, ಒಂದು ಹಿಡಿ ಕೆಸರೆತ್ತಿ ನನ್ನ ಮುಂದೆ ಹಿಡಿದ. ಅದರಲ್ಲಿ ಒಂದು ಹುಳುವೂ ಇರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತೋ, ಗಬ್ಬಿಗೆ ಉರಿಯುತ್ತಿತ್ತೋ ಗೊತ್ತಿಲ್ಲ. ನನ್ನ ಕಣ್ಣಂತೂ ಉರಿಯುತ್ತಿತ್ತು.

ಅವತ್ತಿನಿಂದ ನಾನು ಎರಡು ಕೆಲಸದವಳಾದೆ. ಬೆಳಗ್ಗೆ ಕೆರೆ, ಮಧ್ಯಾಹ್ನ ಪ್ರಯೋಗಾಲಯ. ನೀರಿನಲ್ಲಿ ಉಸಿರೆಷ್ಟಿದೆ, ಕೆಸರಿನಲ್ಲಿ ಏನಿದೆ, ಯಾವ ಹಕ್ಕಿ ಬಂತು, ಯಾವ ಗಿಡ ಹೋಯಿತು ಎಂದು ಬರೆಯತೊಡಗಿದೆ. ಏನೂ ಬರುತ್ತಿರಲಿಲ್ಲ ನನಗೆ. ಮೊದಲ ತಿಂಗಳು ನಾನು 'ಅಪರೂಪದ ಬಾತು' ಎಂದು ಬರೆದುಕೊಂಡದ್ದನ್ನು ನೋಡಿ ಮುನಿಯಪ್ಪ, "ಅದು ನಮ್ ಸರೋಜಕ್ಕನ ಮನೇದು, ಸಂಜೆ ಮನೆಗೋಯ್ತದೆ" ಎಂದ. ಒಮ್ಮೆ ಕೆಸರಲ್ಲಿ ಸಿಕ್ಕಿಕೊಂಡು, ಬೂಟುಗಳನ್ನು ಕೆರೆಗೇ ಬಿಟ್ಟು, ಬರಿಗಾಲಲ್ಲಿ ಪ್ರಯೋಗಾಲಯಕ್ಕೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥರು ನೆಲದ ಮೇಲಿನ ಹೆಜ್ಜೆಗುರುತನ್ನು ಹಿಂಬಾಲಿಸಿ ನನ್ನ ಕೋಣೆಗೆ ಬಂದು, "ಇದು ಲ್ಯಾಬು ಕಣಮ್ಮ, ಗದ್ದೆಯಲ್ಲ" ಎಂದರು. ನಗುತ್ತಲೇ ಹೇಳಿದರು. ಆ ಮೇಲೆ ನಗದೆ ಹೇಳತೊಡಗಿದರು.

ನನ್ನ ಸಿಟ್ಟಿನ ಬೇರು ಇರುವುದು ಬಡ್ತಿಯ ಸಂದರ್ಶನದಲ್ಲಿ. ಉದ್ದ ಮೇಜು, ಅತ್ತ ಐದು ಮಂದಿ, ಇತ್ತ ನಾನು. ಅಷ್ಟು ಹೊತ್ತಿಗೆ ಕಣ್ಣಿನ ಮೇಲೂ ಬರೆದಿದ್ದೆ, ಕೆರೆಯ ಮೇಲೂ ಬರೆದಿದ್ದೆ. ಅಧ್ಯಕ್ಷರು ನನ್ನ ಕಡತವನ್ನು ಅತ್ತಿಂದಿತ್ತ, ಇತ್ತಿಂದತ್ತ ತಿರುವಿ ಕನ್ನಡಕ ತೆಗೆದಿಟ್ಟರು.

"ನೀವು ಕಣ್ಣೋ ಕೆರೆಯೋ?"

"ಸಾರ್?"

"ಯಾವುದಾದ್ರೂ ಒಂದು ಹೇಳೀಮ್ಮಾ. ಕಣ್ಣಾದ್ರೆ ಕಣ್ಣಿನವರ ಜೊತೆ ಹೋಲಿಸ್ತೀವಿ, ಕೆರೆಯಾದ್ರೆ ಕೆರೆಯವರ ಜೊತೆ."

"ಎರಡೂ ಸಾರ್. ಕಪ್ಪೆಗೆ ಎರಡೂ ಒಂದೇ ಅಲ್ವಾ? ಕೆರೆ ಇಲ್ದೆ ಆ ಕಣ್ಣು ಹಾಗೆ ಆಗ್ತಾನೇ ಇರ್ಲಿಲ್ಲ."

"ಎರಡೂ ಅನ್ನೋ ಕಾಲಂ ಇಲ್ಲ" ಎಂದರು ಅವರು. ಪಕ್ಕದಲ್ಲಿದ್ದವರು, "ಮನೆ, ಮಕ್ಕಳು ಎಲ್ಲ ನೋಡ್ಕೊಂಡು ಇಷ್ಟೊಂದು ಕಡೆ ಗಮನ ಹರಿಸೋದು ಕಷ್ಟ" ಎಂದು ನನ್ನ ಪರವಾಗಿ ಮಾತಾಡಿದರು! ನನಗೆ ಮಕ್ಕಳಿಲ್ಲ, ಅದು ಕಡತದ ಮೊದಲ ಪುಟದಲ್ಲೇ ಇತ್ತು. ಬಡ್ತಿ ಸಿಗಲಿಲ್ಲ. ಕಾರಣ, 'ಏಕಾಗ್ರತೆಯ ಕೊರತೆ'. ಒಂದು ನರದ ಸದ್ದಿಗಾಗಿ ಹತ್ತು ಗಂಟೆ ಅಲುಗದೆ ಕೂತವಳಿಗೆ, ಒಂದೇ ಕೆರೆಯ ದಡದಲ್ಲಿ ವರ್ಷವರ್ಷ ನಿಂತವಳಿಗೆ ಏಕಾಗ್ರತೆಯ ಕೊರತೆ! ಅವತ್ತು ಬಸ್ಸಿನಲ್ಲಿ ಅತ್ತೆ. ಮನೆಗೆ ಬಂದು ಪಾತ್ರೆ ತೊಳೆದೆ. ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಳೆದೆ, ತೊಳೆದವನ್ನೂ ತೊಳೆದೆ.

ಕೆರೆಯವರ ಸಭೆಗಳಿಗೆ ಹೋದರೆ ಇದರದೇ ತಿರುಗುಮುರುಗು. "ಮೇಡಂ ಮೂಲತಃ ಕಣ್ಣಿನವರು, ಆಸಕ್ತಿಯಿಂದ ಬಂದಿದ್ದಾರೆ" ಎಂದು ಪರಿಚಯಿಸಿ ಕೊನೆಯ ಸಾಲಿನಲ್ಲಿ ಕೂರಿಸುತ್ತಿದ್ದರು. ಅಂತೂ ಎರಡೂ ಮನೆಯಲ್ಲಿ ನಾನು ನೆಂಟಳೇ. ನೆಂಟರಿಗಾದರೆ ಕಾಫಿಯಾದರೂ ಕೊಡುತ್ತಾರೆ.

ಆದರೂ ಹುಣಸೇಕಟ್ಟೆ ಬದುಕಿತು. ನನ್ನೊಬ್ಬಳಿಂದ ಎನ್ನುವುದಿಲ್ಲ. ಮುನಿಯಪ್ಪ ಊರವರನ್ನು ಕೂಡಿಸಿದ, ನಾನು ಅಳತೆಗಳನ್ನು ಕೊಟ್ಟೆ, ಅರ್ಜಿಯ ಮೇಲೆ ಅರ್ಜಿ, ಕಚೇರಿಯಿಂದ ಕಚೇರಿ. ಎಷ್ಟೋ ವರ್ಷಗಳ ಮೇಲೆ ಆ ಎರಡು ಕೊಳವೆಗಳನ್ನು ಬೇರೆಡೆಗೆ ತಿರುಗಿಸಿದರು. ಜೊಂಡು ಚಿಗುರಿತು. ಒಂದು ಮುಂಗಾರಿನಲ್ಲಿ ಮುನಿಯಪ್ಪ ಫೋನ್ ಮಾಡಿ, ಅದನ್ನು ಕೆರೆಯ ಕಡೆಗೆ ಹಿಡಿದ. ವಟವಟ, ಟ್ರೊಂಯ್ ಟ್ರೊಂಯ್. ಆ ಹೊತ್ತಿಗಾಗಲೇ ನಾನು ಪ್ರಯೋಗಕ್ಕೆ ಕಪ್ಪೆ ತರಿಸುವುದನ್ನು ಬಿಟ್ಟಿದ್ದೆ. ಅವನು ಹಿಡಿಯುವುದನ್ನೂ ಬಿಟ್ಟಿದ್ದ. ರಾಗಿ ಹೊಲದಲ್ಲಿ ಮನೆಗಳೆದ್ದು ಅವನೀಗ ಬಾಡಿಗೆ ಮನೆಗಳ ಓನರು. ಆದರೂ ಬೆಳಗ್ಗೆ ಎದ್ದರೆ ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡು ಕೆರೆ ಏರಿಯ ಮೇಲೇ.

ನಾನು ನಿವೃತ್ತಳಾದ ಮರುವರ್ಷ ಕೆರೆಗೆ 'ಅಭಿವೃದ್ಧಿ' ಬಂತು. ಸುತ್ತ ನಡೆಯುವ ದಾರಿ, ಕಲ್ಲಿನ ಬೆಂಚು, ಅದರ ಜೊತೆಗೆ ಎತ್ತರದ ಕಂಬಗಳ ಮೇಲೆ ಕಣ್ಣು ಕೋರೈಸುವ ಬಿಳಿ ದೀಪಗಳು. ದಾರಿಗೆ ಅಷ್ಟು ಬೆಳಕು ಯಾಕೆ ಬೇಕು? ಕೆರೆಯ ನಡುವಿನ ನೀರಿನಲ್ಲಿ ಪೇಪರ್ ಓದಬಹುದಿತ್ತು. ಆ ವರ್ಷದ ಮೊದಲ ಮಳೆ ಬಿದ್ದ ಮರುಸಂಜೆ ನಾನೂ ಮುನಿಯಪ್ಪನೂ ಏರಿಯ ಮೇಲೆ ಕಾದು ನಿಂತೆವು. ನೀರಿದೆ, ಜೊಂಡಿದೆ, ದೀಪಕ್ಕೆ ಮುತ್ತಿದ ಮಳೆಹುಳುಗಳೂ ಇವೆ. ಕಪ್ಪೆಯ ದನಿ ಮಾತ್ರ ಒಂದೂ ಇಲ್ಲ.

"ಮತ್ತೆ ಸತ್ತೋದ್ವಾ ಮೇಡಮ್ಮೋರೆ?" ಎಂದ ಮುನಿಯಪ್ಪ.

ಸತ್ತಿರಲಿಲ್ಲ. ಬಗ್ಗಿ ನೋಡಿದರೆ ಜೊಂಡಿನ ಬುಡದಲ್ಲಿ ಮುದುರಿ ಕೂತಿದ್ದವು. ನನಗೆ ಆ ಕಣ್ಣು ಗೊತ್ತು. ನಮಗೆ ಕಗ್ಗತ್ತಲು ಎನ್ನಿಸುವಲ್ಲೂ ಅದಕ್ಕೆ ಬಣ್ಣ ಕಾಣುತ್ತದೆ. ಅಷ್ಟು ನವಿರಾದ ಕಣ್ಣಿನ ಮೇಲೆ ಆ ದೀಪ ಹಾಕಿದರೆ ಅದು ಕುರುಡೇ. ಎದುರಿಗೆ ಹಾವು ಬಂದರೂ ಕಾಣದ ಜಾಗದಲ್ಲಿ ಯಾವ ಗಂಡುಕಪ್ಪೆ ಬಾಯಿಬಿಟ್ಟು 'ನಾನಿಲ್ಲಿದ್ದೇನೆ' ಎಂದು ಕೂಗೀತು? ಅವು ಕೂಗದಿದ್ದರೆ ಹೆಣ್ಣು ಬಾರದು, ಮೊಟ್ಟೆ ಇಲ್ಲ, ಮುಂದಿನ ವರ್ಷ ಕಪ್ಪೆ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ಅಪ್ಪ ಕಣ್ಣ ಮುಂದೆ ಬಂದರು.

ಕೆರೆಯ ಉಸ್ತುವಾರಿಯ ಇಂಜಿನಿಯರ್ ಕಚೇರಿಗೆ ಹೋದೆ. ಚಿಕ್ಕ ವಯಸ್ಸಿನವರು, ತುಂಬಾ ವಿನಯ. ಕೂರಿಸಿದರು, ನೀರು ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಆ ಮೇಲೆ, "ಮೇಡಂ, ನೀವು ಕಣ್ಣಿನ ಸೈಡಲ್ವಾ? ಇದಕ್ಕೆ ನಾವು ಕೆರೆ ಎಕ್ಸ್‌ಪರ್ಟ್ ಒಪೀನಿಯನ್ ತಗೊಂಡಿದೀವಿ" ಎಂದರು.

ನಾನು ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. "ಕಣ್ಣಿನ ಸೈಡ್ ಆಗಿರೋದಕ್ಕೇ ಹೇಳ್ತಾ ಇದೀನಿ ಕಣಯ್ಯಾ! ನಿಮ್ಮ ಎಕ್ಸ್‌ಪರ್ಟು ಆ ಕಣ್ಣನ್ನ ಯಾವತ್ತಾದ್ರೂ ನೋಡಿದಾರಾ? ಹತ್ತು ನಿಮಿಷ ಆ ದೀಪ ಆರಿಸಿ, ತೋರಿಸ್ತೀನಿ." ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿರಲಿಲ್ಲ. ಸಂದರ್ಶನದ ಮೇಜಿನೆದುರು ಕೂಗಬೇಕಾಗಿದ್ದದ್ದನ್ನು ಪಾಪ ಈ ಹುಡುಗನ ಮೇಲೆ ಕೂಗಿದೆ.

"ಆರಿಸೋಕೆ ಪರ್ಮಿಷನ್ ಬೇಕು ಮೇಡಂ" ಎಂದರು ಅವರು, ಅದೇ ವಿನಯದಿಂದ. ಆದರೆ ನಿವಾಸಿಗಳ ಸಭೆಯನ್ನು ಕೆರೆಯ ಬಳಿಯೇ ಕರೆಯಲು ಒಪ್ಪಿದರು.

ಸಂಜೆ ಏಳಕ್ಕೆ ಸಭೆ. ಕೆರೆಗೆದುರಾದ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ರಮ್ಯಾ ಎದ್ದು ನಿಂತರು. ನಲವತ್ತರ ಹೆಂಗಸು, ಆಫೀಸಿನಿಂದ ನೇರ ಬಂದಿದ್ದರು. "ಆಂಟಿ, ನಿಮ್ಮ ಕಪ್ಪೆ ಬಗ್ಗೆ ನಮಗೂ ಪ್ರೀತಿ ಇದೆ. ಆದ್ರೆ ಲೈಟ್ ಬರೋಕ್ ಮುಂಚೆ ಇದೇ ದಾರೀಲಿ ನನ್ನ ಸರ ಎಳೆದ್ರು. ಕತ್ತಲಲ್ಲಿ ಹೆಂಗಸ್ರು ಹೇಗೆ ನಡೀಬೇಕು, ನೀವೇ ಹೇಳಿ?"

ಕಪ್ಪೆಗೆ ಏನು ಕಾಣುತ್ತದೆ ಎಂದು ಯೋಚಿಸಿದವಳು ಆ ದಾರಿಯಲ್ಲಿ ನಡೆಯುವ ಹೆಂಗಸಿಗೆ ಏನು ಕಾಣಬೇಕು ಎಂದು ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಬರೆದುಕೊಂಡು ಹೋಗಿದ್ದ ಭಾಷಣವನ್ನು ಮಡಚುತ್ತಿದ್ದಾಗ, ಯಾರ ಪರ್ಮಿಷನ್ನೂ ಇಲ್ಲದೆ, ಕರೆಂಟು ಹೋಯಿತು.

ಎಲ್ಲರೂ ಕುರುಡರಾದೆವು. ಯಾರೋ ಬೆಂಚಿಗೆ ಎಡವಿದರು. ಮೊಬೈಲ್ ಟಾರ್ಚುಗಳು ಹೊತ್ತಿಕೊಳ್ಳತೊಡಗಿದವು. "ಟಾರ್ಚ್ ಹಾಕಬೇಡಿ! ಇದ್ದಲ್ಲೇ ನಿಂತ್ಕೊಳ್ಳಿ, ಸ್ವಲ್ಪ ಹೊತ್ತು" ಎಂದು ಕೂಗಿದೆ. ದನಿಯಲ್ಲಿ ಮೇಷ್ಟರ ಗದರಿಕೆ ಇದ್ದಿರಬೇಕು, ಆರಿಸಿದರು.

ಮೊದಲು ಮುನಿಯಪ್ಪನ ಟವೆಲ್ ಕಂಡಿತು. ಆಮೇಲೆ ದಾರಿಯ ಅಂಚು, ನೀರಿನ ಹೊಳಪು, ಜೊಂಡಿನ ಸಾಲು. ಹತ್ತು ನಿಮಿಷದಲ್ಲಿ ಎದುರು ದಡದ ಮೇಲೆ ನಡೆದು ಬರುತ್ತಿದ್ದ ಯಾರೋ ಇಬ್ಬರು ಕಂಡರು.

"ನೋಡಿದ್ರಾ?" ಎಂದೆ. "ಆ ದೀಪ ಉರೀತಿದ್ದಾಗ ಆ ಇಬ್ರು ನಮಗೆ ಕಾಣ್ತಿರ್ಲಿಲ್ಲ. ಅದು ನಮ್ಮ ಕಣ್ಣಿಗೇ ಹೊಡೀತಿತ್ತು. ರಮ್ಯಾ ಅವರಿಗೆ ದೀಪ ಬೇಕು, ಖಂಡಿತ ಬೇಕು. ಮೊಣಕಾಲೆತ್ತರದಲ್ಲಿ, ದಾರಿ ಮೇಲೆ ಮಾತ್ರ ಬೀಳೋ ಹಾಗೆ, ಹಳದಿ ದೀಪ."

"ಮತ್ತೆ ಕಪ್ಪೆ ಈಗಲೂ ಕೂಗ್ತಿಲ್ವಲ್ಲ ಮೇಡಂ?" ಎಂದರು ಇಂಜಿನಿಯರ್, ಗೆದ್ದವರಂತೆ.

"ಅವಕ್ಕಿನ್ನೂ ಕಣ್ಣು ಬಂದಿಲ್ಲ ಸ್ವಾಮಿ" ಎಂದ ಮುನಿಯಪ್ಪ. "ನಮಗೆ ಹತ್ ನಿಮಿಸ. ಅವಕ್ಕೆ ಗಂಟೆಗಟ್ಲೆ ಬೇಕಂತೆ. ಇವರೇ ನನಗೆ ಹೇಳ್ಕೊಟ್ಟಿದ್ದು."

ಕತ್ತಲಲ್ಲಿ ರಮ್ಯಾ ಸಣ್ಣಗೆ ಹೇಳಿದರು: "ಇಂಜಿನಿಯರ್ ಸಾರ್, ಚಿಕ್ಕ ದೀಪಾನೇ ಹಾಕ್ಸಿ. ಎದುರಿಗೆ ಬರೋರು ಯಾರು ಅಂತ ನನಗೆ ಕಂಡ್ರೆ ಸಾಕು."

ಅದಾದ ಮೇಲೂ ಎಂಟು ತಿಂಗಳು ಹಿಡಿಯಿತು. ಕೊನೆಗೆ ಜೊಂಡಿನ ಕಡೆಯ ಎತ್ತರದ ಕಂಬಗಳನ್ನು ತೆಗೆದು ಮೋಟು ದೀಪಗಳನ್ನು ನೆಟ್ಟರು. ಆ ಕೆಲಸದ ವರದಿಯ ಪ್ರತಿಯನ್ನು ಕೇಳಿ ಪಡೆದೆ. 'ತಾಂತ್ರಿಕ ಕಾರಣಗಳಿಂದ ದೀಪಗಳನ್ನು ಬದಲಿಸಲಾಯಿತು' ಎಂದಷ್ಟೇ ಇತ್ತು. ಕಣ್ಣೂ ಇಲ್ಲ, ಕಪ್ಪೆಯೂ ಇಲ್ಲ, ಮುನಿಯಪ್ಪನಂತೂ ಇಲ್ಲವೇ ಇಲ್ಲ. ನಲವತ್ತು ವರ್ಷ ಆ ಕೆರೆಯನ್ನು ಕಾದವನು! ನನ್ನ ಹೆಸರು ಬಿಟ್ಟದ್ದಕ್ಕಿಂತ ಅದು ಹೆಚ್ಚು ಉರಿಸಿತು. ಖಂಡಿಸಿ ಪತ್ರ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದಿದ್ದೇನೆ.

ಈ ವರ್ಷದ ಮುಂಗಾರು ಎರಡು ದಿನ ಜಡಿದು ಸುರಿಯಿತು. ಮೂರನೆಯ ದಿನ ಬೆಳಗ್ಗೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ರಮ್ಯಾ ನನಗೊಂದು ವಾಟ್ಸ್ಯಾಪ್ ಸಂದೇಶ ಕಳಿಸಿದ್ದರು: 'ಆಂಟಿ, ಸಾರಿ ಟು ಡಿಸ್ಟರ್ಬ್. ಕಪ್ಪೆ ಸೌಂಡು ತುಂಬಾ ಜಾಸ್ತಿಯಾಗಿದೆ. ಎ ಬ್ಲಾಕಿನವರಿಗೆ ಯಾರಿಗೂ ನಿದ್ದೆಯಿಲ್ಲ, ಬರೀ ಕಂಪ್ಲೇಂಟು. ಏನಾದ್ರೂ ಔಷಧಿ ಹೊಡೆಸಬಹುದಾ?'

ಮೈಯೆಲ್ಲ ಉರಿದುಹೋಯಿತು. ಔಷಧಿಯಂತೆ! ಕೂತು ಉದ್ದದ ಉತ್ತರ ಬರೆದೆ. ಕಪ್ಪೆಯಿಲ್ಲದಿದ್ದರೆ ಸೊಳ್ಳೆ ಎಷ್ಟಾದೀತು, ಆ ಕೆರೆ ಎಷ್ಟು ವರ್ಷ ಸತ್ತುಬಿದ್ದಿತ್ತು, ಎ ಬ್ಲಾಕು ನಿಂತಿರುವ ಜಾಗದಲ್ಲಿ ಮೊದಲು ಏನಿತ್ತು, ಎಲ್ಲವನ್ನೂ ಸೇರಿಸಿದೆ. ಬರೆಯುತ್ತ ಬರೆಯುತ್ತ ಅವರ ಸಂದೇಶವನ್ನು ಮತ್ತೊಮ್ಮೆ ಓದಿದೆ. 'ಸೌಂಡು ತುಂಬಾ ಜಾಸ್ತಿಯಾಗಿದೆ.' ಯಾವ ಸಂದರ್ಶನ ಸಮಿತಿಯೂ ನನ್ನ ಕೆಲಸದ ಬಗ್ಗೆ ಇಷ್ಟು ಸ್ಪಷ್ಟವಾಗಿ ಬರೆದದ್ದಿಲ್ಲ.

ಟೈಪ್ ಮಾಡಿದ್ದನ್ನೆಲ್ಲ ಅಳಿಸಿ, 'ಇಲ್ಲ' ಎಂದು ಕಳಿಸಿದೆ. ಆಮೇಲೆ ಮುನಿಯಪ್ಪನಿಗೆ ಫೋನ್ ಮಾಡಿ ಅವರ ದೂರನ್ನು ಓದಿ ಹೇಳಿದೆ. ಅವನಿಗೆ ಈಗ ಕಿವಿ ಮಂದ. ಎರಡು ಸಲ ಓದಿಸಿಕೊಂಡ. ಮೂರನೆಯ ಸಲ, "ಇನ್ನೊಂದ್ಸಲ ಓದಿ ಮೇಡಮ್ಮೋರೆ" ಎಂದಾಗ, ಅವನಿಗೆ ಮೊದಲ ಸಲವೇ ಕೇಳಿಸಿತ್ತು ಎಂದು ಗೊತ್ತಾಯಿತು. ಓದಿದೆ.